ಮಾತಿನ ಮನೆಗೆ ಹೆಚ್ಚುವರಿ ಸಮಯ

ನಾನು ಸೊಸೆಯಾಗಿ ಬಂದದ್ದು ಮಾತಿನ ಮನೆಗೆ. ಮಾವ ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಊರಿಗೆಲ್ಲ ಸಾರುವವರು. ಮಾವನ ತಾಯಿ, ಅಂದರೆ ಮನೆಗೆಲ್ಲ ಅಜ್ಜಿ, ತಮ್ಮ ಕಾಲದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ ಹಣ್ಣು ಮಾರಿದವರು. ಬುಟ್ಟಿ ಇಳಿಸಿ ಎಷ್ಟೋ ವರ್ಷವಾದರೂ ದನಿ ಮಾತ್ರ ಇಳಿದಿರಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರೂ ಮಾತಿನಲ್ಲಿ ಕಡಿಮೆಯವರಾಗಿರಲಿಲ್ಲವಂತೆ. ಈ ಮನೆಯಲ್ಲಿ ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸುತ್ತಿದ್ದರು, ಅಷ್ಟರೊಳಗೆ ಮೂರನೆಯವರು ಉತ್ತರವನ್ನೂ ಕೊಟ್ಟುಬಿಟ್ಟಿರುತ್ತಿದ್ದರು.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ‘ಇದು ಚೆನ್ನಾಗಿ ಕಾಣುತ್ತಾ, ಇದಾ?’ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿರುವುದೇ ನನ್ನ ಕೆಲಸ. ಬಂದ ವಾರದಲ್ಲೇ ಅಜ್ಜಿ ನನಗೆ ‘ಆಮೆ’ ಎಂದು ಹೆಸರಿಟ್ಟರು. ನಾನು ಬೇಸರಪಟ್ಟುಕೊಳ್ಳಲಿಲ್ಲ. ಆಮೆಗೂ ಈ ಮನೆಯಲ್ಲಿ ಹೊಟ್ಟೆ ತುಂಬ ಊಟವಿತ್ತು.

ಎಲ್ಲರನ್ನೂ ಮೀರಿಸಿದವಳು ನನ್ನ ನಾದಿನಿ. ಕಾನೂನು ಓದುತ್ತಿದ್ದಳು. ಚರ್ಚಾಸ್ಪರ್ಧೆಗೆ ನಿಂತರೆ ಅರಳು ಹುರಿದಂತೆ ಮಾತು. ಎದುರಾಳಿಯ ವಾದ ಅವನ ಬಾಯಿಂದ ಹೊರಬೀಳುವ ಮೊದಲೇ ಇವಳು ಅದನ್ನು ಮಡಚಿ ಅವನ ಜೇಬಿಗೇ ಹಾಕಿರುತ್ತಿದ್ದಳು. ಮನೆಯವರು ಅವಳನ್ನು ‘ಚಿನಕುರಳಿ’ ಎಂದೇ ಕರೆಯುತ್ತಿದ್ದರು. ಅವಳು ಗೆದ್ದ ಮಾರನೆಯ ಬೆಳಿಗ್ಗೆ ಮಾವ ಮಾರುಕಟ್ಟೆಯಲ್ಲಿ ಮೊದಲು ಅವಳ ಸುದ್ದಿ ಕೂಗಿ ಆಮೇಲೆ ಸೇಬಿನ ಪೆಟ್ಟಿಗೆಗೆ ಕೈ ಹಾಕುತ್ತಿದ್ದರು.

ಅವಳು ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ, ರಸ್ತೆ ಪಕ್ಕ ನಿಂತಿದ್ದ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆಯಿತು. ಬಿದ್ದವಳ ತಲೆ ರಸ್ತೆ ಬದಿಯ ಕಲ್ಲಿನ ಅಂಚಿಗೆ ಬಡಿಯಿತು. ಮಿದುಳಿಗೆ ಪೆಟ್ಟು, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಸ್ಪತ್ರೆ. ಬದುಕಿ ಬಂದಳು. ಅವಳು ಮನೆಗೆ ಬಂದ ದಿನ ಅಜ್ಜಿ ಅತ್ತದ್ದನ್ನು ಬೀದಿಯವರೆಲ್ಲ ಕೇಳಿದ್ದಾರೆ.

ಗಾಯದ ಮೇಲೆ ಕೂದಲು ಬೆಳೆದು ಮುಚ್ಚಿಕೊಂಡಿತು. ನೋಡಿದವರು ‘ಏನೂ ಆಗೇ ಇಲ್ಲವಲ್ಲ’ ಎನ್ನುವರು. ಆಗಿತ್ತು. ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ, ಆದರೆ ಬೇಕಾದ ಪದ ಬೇಕಾದ ಹೊತ್ತಿಗೆ ನಾಲಿಗೆಗೆ ಬರುತ್ತಿರಲಿಲ್ಲ. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಕೋಣೆಗೆ ಓಡುತ್ತಿದ್ದಳು. ಹಾಗಾಗಿ ನಾನು ರುಬ್ಬುವುದನ್ನೆಲ್ಲ ಅವಳು ಸ್ನಾನಕ್ಕೆ ಹೋದಾಗ ಮುಗಿಸುತ್ತಿದ್ದೆ. ಸ್ವಲ್ಪ ಹೊತ್ತು ಓದಿದರೆ ತಲೆ ತುಂಬಿಬಂದು ಕತ್ತಲೆಯಲ್ಲಿ ಮಲಗಬೇಕಾಗುತ್ತಿತ್ತು. ಚಿನಕುರಳಿ ಎಂಬ ಹೆಸರನ್ನು ಯಾರೂ ಬೇಡವೆನ್ನದೆಯೇ ಎಲ್ಲರೂ ಬಿಟ್ಟರು. ಪುಟ್ಟಿ ಎನ್ನತೊಡಗಿದರು.

ಕಾಲೇಜಿಗೆ ಮರಳುವ ಹೊತ್ತಿಗೆ ವೈದ್ಯರು ಒಂದು ಮಾತು ಹೇಳಿ ಕಳಿಸಿದರು. ಕಾಲೇಜಿನಲ್ಲಿ ನೆರವು ವಿಭಾಗ ಎಂದೊಂದಿದೆ. ಅಲ್ಲಿಯ ಮೇಡಂ ಮಾತಾಡಿಸಿ, ಇಂಥ ಪೆಟ್ಟು ಬಿದ್ದವರಿಗೆ ಏನು ಬೇಕೋ ನೋಡಿ ವ್ಯವಸ್ಥೆ ಮಾಡುತ್ತಾರೆ: ಪರೀಕ್ಷೆಗೆ ಹೆಚ್ಚು ಸಮಯ, ಗದ್ದಲವಿಲ್ಲದ ಬೇರೆ ಕೋಣೆ, ನಡುವೆ ವಿಶ್ರಾಂತಿ, ಪಾಠಗಳ ಧ್ವನಿಮುದ್ರಣ.

ಊಟಕ್ಕೆ ಕೂತಾಗ ಮಾವ ಬ್ರೆಡ್ಡು ಮುರಿಯುತ್ತಿದ್ದ ಕೈ ನಿಲ್ಲಿಸಿದರು. “ಹೆಚ್ಚು ಸಮಯ ಯಾಕೆ? ನಮ್ಮ ಮನೇಲಿ ಯಾರೂ ರಿಯಾಯಿತಿ ಕೇಳಿದವರಲ್ಲ.”

“ತೂಕದಲ್ಲಿ ಮೋಸ ಮಾಡಿ ಗೆದ್ದಳು ಅಂತಾರೆ,” ಎಂದರು ಅಜ್ಜಿ. “ನಾನು ಬಿಸಿಲಲ್ಲಿ ಬುಟ್ಟಿ ಹೊತ್ತೆ. ಯಾರಾದ್ರೂ ನನಗೆ ನೆರಳಿನ ಬೀದಿ ಕೊಟ್ರಾ?”

“ಸಂದರ್ಶನ ಇರುತ್ತಂತೆ,” ಎಂದರು ನನ್ನ ಗಂಡ.

ಆ ಒಂದು ಪದವೇ ಸಾಕಾಯಿತು. ಈ ಮನೆಯಲ್ಲಿ ಸಂದರ್ಶನವೆಂದರೆ ಗೆದ್ದುಬರಬೇಕಾದದ್ದು. ನನ್ನ ಗಂಡನಿಗೆ ಮೈಕಿನ ಕೆಲಸ ಸಿಗುವ ಮೊದಲು ಊಟದ ಮೇಜಿನಲ್ಲಿ ದಿನಾ ತಾಲೀಮು ನಡೆದಿತ್ತಂತೆ. ಮದುವೆಗೆ ಮೊದಲು ನನ್ನ ಅಪ್ಪನನ್ನು ಕಾಣಲು ಬಂದಾಗಲೂ ಇವರು ಉತ್ತರಗಳನ್ನು ಉರು ಹೊಡೆದೇ ಬಂದಿದ್ದರು. ‘ಹವ್ಯಾಸ ಏನು?’ ಎಂದು ಅಪ್ಪ ಕೇಳುವ ಮೊದಲೇ ಹವ್ಯಾಸ ಹೇಳಿಬಿಟ್ಟಿದ್ದರು.

ತಾಲೀಮು ಶುರುವಾಯಿತು. ತಟ್ಟೆ ಇಟ್ಟರೆ ಸಾಕು, ಮಾವ ಮೇಡಂ ಆಗುತ್ತಿದ್ದರು. “ಓದುವಾಗ ದಣಿವಾಗುತ್ತಾ?”

“ಸ್ವಲ್ಪ ಹೊತ್ತಾದ ಮೇಲೆ... ತಲೆ...”

“ತಪ್ಪು. ‘ಇಲ್ಲ ಮೇಡಂ, ಮೊದಲಿನ ಹಾಗೇ ಓದ್ತೀನಿ.’ ಹೇಳು.”

“ಇಲ್ಲ ಮೇಡಂ, ಮೊದಲಿನ ಹಾಗೇ ಓದ್ತೀನಿ.”

“ನಗ್ತಾ ಹೇಳು ಪುಟ್ಟಿ,” ಅಜ್ಜಿ ಆಲೂಗಡ್ಡೆ ಸುಲಿಯುತ್ತಲೇ ತಿದ್ದುವರು. “ಹಣ್ಣು ಮಾರೋವಾಗ ಮುಖ ಗಂಟು ಹಾಕ್ಕೊಂಡ್ರೆ ಯಾರು ಕೊಳ್ತಾರೆ?”

ನಾದಿನಿ ಕಲಿತಳು. ಅಪ್ಪ ಅವಳ ಪಕ್ಕ ಹೆಮ್ಮೆಯಿಂದ ಕೂತಿರುವಾಗ ಅವಳು ಏನನ್ನು ತಾನೇ ಕಲಿಯದೆ ಇರುತ್ತಿದ್ದಳು? ಸಂದರ್ಶನದ ದಿನ ಅಜ್ಜಿ ಗಾಯದ ಗುರುತು ಕಾಣದ ಹಾಗೆ ಕೂದಲು ಬಾಚಿದರು. ಮಾವ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗಳ ಜೊತೆ ಹೋದರು.

ಸಂಜೆ ನಾನು ಅಂಗಡಿಯಿಂದ ಬಂದಾಗ ಮಾವ ನಡುಮನೆಯಲ್ಲಿ ನಿಂತು ಮೇಡಂ ಪಾತ್ರವನ್ನೂ ಮಗಳ ಪಾತ್ರವನ್ನೂ ತಾವೇ ಮಾಡಿ ತೋರಿಸುತ್ತಿದ್ದರು. “ಒಂದು ಪ್ರಶ್ನೆಗೂ ತಡವರಿಸಲಿಲ್ಲ ನೋಡಮ್ಮಾ. ಎಲ್ಲೋ ಒಂದೆರಡು ಕಡೆ ಪದ ಸಿಗಲಿಲ್ಲ, ನಾನೇ ಎತ್ತಿಕೊಟ್ಟೆ. ಮೇಡಂ ದಂಗಾದರು.”

“ಏನೇನು ವ್ಯವಸ್ಥೆ ಮಾಡ್ತಾರಂತೆ ಮಾವ?”

“ಏನೂ ಅಗತ್ಯ ಇಲ್ಲ ಅಂದ್ರು. ಬೇಕಾದ್ರೆ ಮುಂದಿನ ಬೆಂಚಲ್ಲಿ ಕೂರಬಹುದಂತೆ.” ಮಾವ ಎದೆ ಉಬ್ಬಿಸಿದರು. “ಗೆದ್ದು ಬಂದಳು.”

ಅಜ್ಜಿ ಕೇಕ್ ತರಿಸಿದ್ದರು. ಕತ್ತರಿಸುವ ಹೊತ್ತಿಗೆ ಗೆದ್ದವಳು ಕಾಣಲಿಲ್ಲ. ಕೋಣೆಯಲ್ಲಿ ಪರದೆ ಎಳೆದು ಮಲಗಿದ್ದವಳು ಮಾರನೆಯ ಮಧ್ಯಾಹ್ನದವರೆಗೂ ಏಳಲಿಲ್ಲ.

ಪಾತ್ರೆ ತೊಳೆಯುವಾಗ ನಾನು ಗಂಡನಿಗೆ ಹೇಳಿದೆ. “ನಮ್ಮ ಅಂಗಡಿಗೆ ಕೆಲವರು ಬರ್ತಾರೆ. ಫಲಕದ ಮೇಲಿನ ಅಕ್ಷರಗಳನ್ನ ಸಾಲಲ್ಲಿ ಕಾಯುವಾಗಲೇ ಬಾಯಿಪಾಠ ಮಾಡ್ಕೊಂಡಿರ್ತಾರೆ. ಕೂತ ತಕ್ಷಣ ಕೊನೇ ಸಾಲಿನವರೆಗೂ ಗಿಣಿ ಹಾಗೆ ಹೇಳ್ತಾರೆ. ಪಾಸಾದೆ ಅಂತ ಕನ್ನಡಕ ಇಲ್ಲದೆ ಹೊರಟು, ಬಾಗಿಲಿನ ಗಾಜಿಗೆ ಮುಖ ಹೊಡ್ಕೊಳ್ತಾರೆ.”

ಅವರು ನಕ್ಕರು. “ನಮ್ಮ ಪುಟ್ಟಿ ಹೊಡ್ಕೊಳ್ಳಲ್ಲ ಬಿಡು.”

ಹೊಡೆದುಕೊಂಡಳು. ಕೆಲವೇ ವಾರಗಳಲ್ಲಿ ಕಿರುಪರೀಕ್ಷೆ ಬಂತು. ದೊಡ್ಡ ಸಭಾಂಗಣ, ತಲೆಯ ಮೇಲೆ ಗರಗರ ಎನ್ನುವ ಫ್ಯಾನು, ಕುರ್ಚಿ ಎಳೆಯುವ ಸದ್ದು, ಯಾರದೋ ಕೆಮ್ಮು. ಮೊದಲ ಉತ್ತರ ಚೆನ್ನಾಗಿ ಬರೆದಳಂತೆ. ಎರಡನೆಯದಕ್ಕೆ ಬೇಕಾದ ಪದ ಹುಡುಕುತ್ತಿರುವಾಗಲೇ ಗಂಟೆ ಹೊಡೆಯಿತು. ಉಳಿದ ಹಾಳೆಗಳನ್ನು ಖಾಲಿಯೇ ಕೊಟ್ಟು ಬಂದಳು. ಮನೆಗೆ ಬಂದವಳೇ ಪುಸ್ತಕಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿದಳು. ಅದು ಮಾವ ಮಾರುಕಟ್ಟೆಯಿಂದ ತಂದಿಟ್ಟಿದ್ದ ಕಿತ್ತಳೆ ಪೆಟ್ಟಿಗೆ.

“ಇದೇನು?” ಎಂದರು ಮಾವ.

“ಕಾಲೇಜಿಗೆ ಹೋಗಲ್ಲ ಅಪ್ಪ.”

ಆ ದಿನ ಊಟಕ್ಕೆ ಬಟಾಣಿ ಬೇಯಿಸಿದ್ದೆ. ಯಾರೂ ಮುಟ್ಟಲಿಲ್ಲ.

“ಒಂದು ಸಲ ಎಡವಿದ್ದಕ್ಕೆ ಅಂಗಡಿ ಮುಚ್ಚೋದಾ?” ಮಾವ ಕೂಗಿದರು. “ಆಸ್ಪತ್ರೆಯಿಂದ ಎದ್ದು ಬಂದವಳು ನೀನು.”

“ಬೈಬೇಡ ಅವಳನ್ನ,” ಎಂದು ಅಜ್ಜಿ ಅದಕ್ಕಿಂತ ಜೋರಾಗಿ ಕೂಗಿದರು. “ಆಗದಿದ್ರೆ ಬಿಡಲಿ. ಮನೇಲಿರ್ತಾಳೆ. ಅನ್ನಕ್ಕೇನು ಬರವೇ ಇಲ್ಲಿ?”

ನಾದಿನಿ ತಲೆ ಎತ್ತಿದಳು. “ನನಗೆ ಕಾಲೇಜು...”

“ಬೇಡ ಅಂತ ತಾನೇ? ಕೇಳಿದೆವು,” ಎಂದರು ಮಾವ.

“ಅಲ್ಲ. ನನಗೆ...”

“ಹೆದರಿಕೆ ಆಗಿದೆ ಅವಳಿಗೆ,” ಎಂದರು ಅಜ್ಜಿ.

“ಬೇರೆ ಕಾಲೇಜು ಬೇಕೇನೋ,” ಎಂದರು ನನ್ನ ಗಂಡ.

ಮೂವರೂ ಮೂರು ದಿಕ್ಕಿಗೆ ಎಳೆದರು, ಒಂದೂ ಅವಳ ಮಾತಲ್ಲ. ಅವಳು ಅಂಗೈಯಿಂದ ಮೇಜಿಗೆ ಬಡಿದಳು. ಬಟಾಣಿ ನೆಲದ ಮೇಲೆಲ್ಲ ಉರುಳಿತು. ಬಡಿದ ಸದ್ದಿಗೆ ಅವಳೇ ಕಿವಿ ಮುಚ್ಚಿಕೊಂಡಳು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಮದುವೆಯಾಗಿ ಬಂದಾಗಿನಿಂದ ನಾನು ಈ ಮನೆಯಲ್ಲಿ ದನಿ ಎತ್ತಿರಲಿಲ್ಲ.

“ಸ್ವಲ್ಪ ಹೊತ್ತು ಎಲ್ಲರೂ ಬಾಯಿ ಮುಚ್ಚಿ,” ಎಂದೆ.

ಅಜ್ಜಿ ಕಣ್ಣರಳಿಸಿ ನೋಡಿದರು. ಆಮೆ ಕಚ್ಚುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲರೂ ಸುಮ್ಮನಾದರು. ಮಾವನ ಬಾಯಿ ತೆರೆದು ಮುಚ್ಚಿತು, ನನ್ನ ಗಂಡ ಚಮಚ ತಿರುಗಿಸಿದರು.

“ನನಗೆ ಕಾಲೇಜು ಬೇಕು,” ಎಂದಳು ನಾದಿನಿ ಒಂದೊಂದೇ ಪದ ಇಡುತ್ತಾ. “ಅಲ್ಲಿಗೆ ನೀವು ಕಳಿಸಿದ್ದು ನನ್ನನ್ನಲ್ಲ. ಮೊದಲಿನ ಹುಡುಗೀನ. ಅವಳು... ಸಂದರ್ಶನಕ್ಕೆ ಬರ್ತಾಳೆ. ಪರೀಕ್ಷೆಗೆ ಬರಲ್ಲ. ಪರೀಕ್ಷೇಲಿ ನಾನೊಬ್ಬಳೇ ಕೂರಬೇಕು.”

ಮಾವ ತಟ್ಟೆ ನೋಡುತ್ತಾ ಕೂತರು. “ಮೊದಲಿನವಳೇ ಬೇಕು ಅಂತ ನಾನು ಕೇಳಿಲ್ಲ ಮಗಳೇ. ಅವಳು ಇನ್ನೂ ಇದ್ದಾಳೆ ಅಂತ ಜನಕ್ಕೆ ತೋರಿಸಬೇಕು ಅಂದ್ಕೊಂಡೆ.”

“ನಾನು ಇದ್ದೀನಲ್ಲ ಅಪ್ಪ.”

ಮಾವ ಎದ್ದು ಹೋಗಿ ಪೊರಕೆ ತಂದರು. ಅಷ್ಟು ವರ್ಷಗಳಲ್ಲಿ ಅವರ ಕೈಯಲ್ಲಿ ಪೊರಕೆ ನೋಡಿದ್ದು ಅದೇ ಮೊದಲು. ಬಟಾಣಿಯೆಲ್ಲ ಗುಡಿಸಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

ನನ್ನ ವಿಷಯವನ್ನು ಮತ್ತೊಮ್ಮೆ ನೋಡಿ ಎಂದು ನಾದಿನಿಯೇ ಕಾಲೇಜಿಗೆ ಕೇಳಿಕೊಂಡಳು. ಮೇಡಂ ದಿನ ಕೊಟ್ಟರು. ಅಪ್ಪನೂ ಅತ್ತಿಗೆಯಾದ ನಾನೂ ಜೊತೆಗೆ ಬರಬೇಕು, ಆದರೆ ಅಪ್ಪ ಅವಳ ಮಾತು ಮುಗಿಸಬಾರದು: ಇದು ಅವಳ ಕರಾರು.

ಮತ್ತೆ ತಾಲೀಮು. ಈ ಸಲ ಸುಮ್ಮನಿರುವ ತಾಲೀಮು. ಇದು ಹೆಚ್ಚು ಕಷ್ಟದ್ದು. ನಾದಿನಿ ಏನಾದರೂ ಹೇಳಲು ಹೊರಟು ನಿಂತರೆ, ಅವಳೇ ಮುಗಿಸುವವರೆಗೆ ಯಾರೂ ತುಟಿ ಪಿಟಕ್ಕೆನ್ನಕೂಡದು. ಅಜ್ಜಿ ಬಾಯಿಗೆ ದೊಡ್ಡ ತುತ್ತು ತುರುಕಿಕೊಂಡು ಕೂರುತ್ತಿದ್ದರು. ಒಂದು ದಿನ ಹಾಗೆ ತಡೆಹಿಡಿದು ಕೆಮ್ಮು ಬಂದು ಕಣ್ಣಲ್ಲಿ ನೀರು ಬಂತು. ನನ್ನ ಗಂಡ ಮಾತು ಬಂದಾಗಲೆಲ್ಲ ನೀರು ಕುಡಿದು ಊಟಕ್ಕೆ ಜಾಗವೇ ಇಲ್ಲದಂತೆ ಮಾಡಿಕೊಂಡರು. ಮಾವನದೇ ಎಲ್ಲರಿಗಿಂತ ಕಷ್ಟ. ಮೊದಲ ದಿನಗಳಲ್ಲಿ ದಿನಾ ಸೋತರು.

“ಉಪ್ಪಿನ...” ಎಂದಳು ನಾದಿನಿ.

“ಡಬ್ಬಿ,” ಎಂದರು ಮಾವ.

“ಉಪ್ಪಿನ ಹರಳು ಬೇಡ, ಪುಡಿ ಇದೆಯಾ ಅಂತ ಕೇಳ್ತಿದ್ದೆ ಅಪ್ಪ.”

ಅಜ್ಜಿ ತುತ್ತು ನುಂಗಿ ಮಗನ ಕಡೆ ತಿರುಗಿದರು. “ಮಾರುಕಟ್ಟೇಲಿ ‘ಒಂದು ಸಲ, ಎರಡು ಸಲ’ ಅಂದ್ಮೇಲೆ ಮೂರನೇ ಸಲ ಕೂಗೋಕೆ ಮುಂಚೆ ತಡೀತೀಯಲ್ಲ, ಯಾಕೆ?”

“ಯಾಕೆ ಅಂದ್ರೆ? ಅಲ್ಲೇ ತಾನೇ ಒಳ್ಳೆ ಬೆಲೆ ಬರೋದು. ಗಟ್ಟಿ ಗಿರಾಕಿ ಬಾಯಿ ಬಿಡೋದೇ ಆಗ.”

“ಊರ ಗಿರಾಕಿಗೆ ತಡೀತೀಯ. ಮನೆ ಮಗಳಿಗೆ ತಡಿಯೋಕೆ ಏನು ದೊಡ್ಡ ರೋಗ ನಿನಗೆ?”

ನಾದಿನಿ ನಕ್ಕಳು. ಅಪಘಾತವಾದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ನಾನು ಕೇಳಿರಲಿಲ್ಲ. ಮಾವನಿಗೆ ಮಾತ್ರ ನಗು ಬರಲಿಲ್ಲ. ಆ ಹೊತ್ತಿನಿಂದ ಅವರು ಕಲಿಯತೊಡಗಿದರು.

ನೆರವು ವಿಭಾಗದ ಕೋಣೆ ಚಿಕ್ಕದು. ಒಂದು ಮೇಜು, ಗೋಡೆಗೆ ಒರಗಿದ ಬೀರು, ಕಿಟಕಿಯಲ್ಲಿ ಬಾಡಿದ ಒಂದು ಕುಂಡದ ಗಿಡ. ಮೇಡಂ ಒಳ್ಳೆಯವರು, ಕೆಲಸ ಜಾಸ್ತಿ ಇದ್ದವರ ಮುಖ. ಈ ಸಲ ನಾದಿನಿ ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಿದ್ದಳು. ಕಿವಿಯ ಮೇಲಿಂದ ಹಿಂದಕ್ಕೆ ಹೋದ ಗಾಯದ ಗುರುತು ಕಾಣುತ್ತಿತ್ತು. ಬೆಳಿಗ್ಗೆ ಹಾಗೆ ಕಟ್ಟಿಕೊಟ್ಟವರು ಅಜ್ಜಿಯೇ.

“ಹೋದ ಸಲ ಏನೂ ತೊಂದರೆ ಇಲ್ಲ ಅಂದಿದ್ರಿ,” ಎಂದರು ಮೇಡಂ. “ಚೆನ್ನಾಗೇ ಮಾತಾಡಿದ್ರಿ. ಈಗ ಏನು ಬದಲಾಯ್ತು?”

“ಏನೂ ಬದಲಾಗಿಲ್ಲ ಮೇಡಂ. ಹೋದ ಸಲ ನಾನು... ಉತ್ತರಗಳನ್ನ...” ಪದ ಸಿಗಲಿಲ್ಲ. ಅವಳು ಮೇಜಿನ ಅಂಚು ನೋಡುತ್ತಾ ಹುಡುಕಿದಳು. ಮಾವನ ಎರಡು ಕೈಗಳೂ ಮೊಣಕಾಲನ್ನು ಹಿಡಿದುಕೊಂಡವು. ಆ ಪದ ಅವರ ನಾಲಿಗೆಯ ತುದಿಯಲ್ಲೇ ಇದ್ದದ್ದು ನನಗೆ ಕಾಣುತ್ತಿತ್ತು. ಹೊರಗೆ ಯಾರೋ ನಡೆದುಹೋದರು.

ಮೇಡಮ್ಮಿಗೆ ತಡೆಯಲಾಗಲಿಲ್ಲ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮುಂದಕ್ಕೆ ಬಾಗಿದರು. “ಉತ್ತರಗಳನ್ನ ಸರಿಯಾಗಿ ಕೊಡೋಕೆ ಆಗಲಿಲ್ಲ ಅಂತಾನಾ?”

ಮಾವ ಕೈ ಎತ್ತಿ ಅಂಗೈ ತೋರಿಸಿದರು. “ತಾಳಿ ಮೇಡಂ. ಅವಳು ಹೇಳ್ತಾಳೆ.”

ದನಿಯಲ್ಲಿ ದೈನ್ಯ ಇರಲಿಲ್ಲ, ಒರಟುತನವೂ ಇರಲಿಲ್ಲ. ಮೇಡಂ ಹಿಂದಕ್ಕೆ ಒರಗಿದರು. ನಾವು ಮೂವರೂ ಕಾದೆವು.

“ಬಾಯಿಪಾಠ ಮಾಡ್ಕೊಂಡು ಬಂದಿದ್ದೆ,” ಎಂದಳು ನಾದಿನಿ.

“ಮಾಡಿಸಿದ್ದು ನಾನು,” ಎಂದರು ಮಾವ. ಕೂಡಲೇ ಮಗಳ ಕಡೆ ನೋಡಿದರು. “ನಿನ್ನ ಮಾತು ಮುಗಿದಿತ್ತು ತಾನೇ?”

“ಮುಗಿದಿತ್ತು ಅಪ್ಪ.”

ಆಮೇಲೆ ಮೇಡಂ ಒಂದೊಂದೇ ಕೇಳಿದರು, ಅವಳು ಒಂದೊಂದೇ ಹೇಳಿದಳು. ಎಷ್ಟು ಓದಿದರೆ ತಲೆ ತುಂಬುತ್ತದೆ, ಯಾವ ಸದ್ದಿಗೆ ಯೋಚನೆ ಕಡಿದುಹೋಗುತ್ತದೆ, ಮಲಗಿ ಎದ್ದರೆ ಎಷ್ಟು ಸರಿಹೋಗುತ್ತದೆ. ಹೊತ್ತು ಹೋಯಿತು, ಹೋಗಲಿ. ಕೊನೆಗೆ ಮೇಡಂ ಕೇಳಿದರು: “ಬೇರೆ ಹುಡುಗರು ಇದು ಅನ್ಯಾಯ ಅಂದ್ರೆ ಏನಂತೀರಿ? ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ನಿಮಗೊಬ್ಬರಿಗೆ ಹೆಚ್ಚು ಸಮಯ.”

ನಾದಿನಿ ಬೆನ್ನು ನೆಟ್ಟಗೆ ಮಾಡಿದಳು. ಚರ್ಚಾಸ್ಪರ್ಧೆಯಲ್ಲಿ ಅವಳು ಹಾಗೆ ಕೂರುವುದನ್ನು ನಾನು ನೋಡಿದ್ದೆ.

“ಸಮಯ ಹೆಚ್ಚು ಕೊಟ್ರೆ... ನನಗೆ ಗೊತ್ತಿಲ್ಲದ್ದು ಗೊತ್ತಾಗಿಬಿಡಲ್ಲ ಮೇಡಂ. ಗೊತ್ತಿರೋದು ಹೊರಗೆ ಬರುತ್ತೆ. ಅಷ್ಟೇ.”

ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮಾವ ಮುಖ ತಿರುಗಿಸಿ ಕಿಟಕಿಯ ಗಿಡ ನೋಡತೊಡಗಿದರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಎಷ್ಟೋ ಬಹುಮಾನಗಳನ್ನು ಗೆದ್ದ ಹುಡುಗಿಯೇ ಈಗ ನನ್ನ ಪಕ್ಕ ಕೂತಿದ್ದಾಳೆ, ಬಹುಮಾನ ಇಲ್ಲದೆ ಅದಕ್ಕಿಂತ ದೊಡ್ಡದನ್ನು ಗೆದ್ದಿದ್ದಾಳೆ ಎಂದು ನನಗನಿಸಿತು.

ಬೇರೆ ಕೋಣೆ, ಒಂದೂವರೆ ಪಟ್ಟು ಸಮಯ, ನಡುವೆ ಮಲಗಿ ಏಳಲು ಬಿಡುವು, ಪಾಠಗಳ ಧ್ವನಿಮುದ್ರಣ. ಇಷ್ಟರ ಜೊತೆಗೆ ಮೇಡಂ ಇನ್ನೊಂದು ಹೇಳಿದರು: ಈ ವರ್ಷ ಅರ್ಧ ವಿಷಯಗಳನ್ನು ಮಾತ್ರ ತೆಗೆದುಕೊಂಡರೆ ಒಳ್ಳೆಯದು. ಓದು ಮುಗಿಯಲು ಇನ್ನಷ್ಟು ಕಾಲ ಹಿಡಿಯುತ್ತದೆ.

ಬೀದಿಗೆ ಬಂದ ಮೇಲೆ ಮಾವ ಕೇಳಿದರು, “ಮುಗಿಯೋದು ತಡ ಆದ್ರೆ ನಿನಗೆ ಬೇಜಾರಾಗಲ್ವಾ?”

“ಆಗುತ್ತೆ.” ಅವಳು ಸ್ವಲ್ಪ ದೂರ ನಡೆದಳು. ಮಾವ ಕಾದರು. “ಆದ್ರೆ ಮುಗಿಯುತ್ತಲ್ಲ.”

ಮನೆಯಲ್ಲಿ ಬದಲಾದದ್ದು ಹೆಚ್ಚೇನಿಲ್ಲ. ಕಿತ್ತಳೆ ಪೆಟ್ಟಿಗೆಯಿಂದ ಪುಸ್ತಕಗಳು ಕಪಾಟಿಗೆ ಹೋದವು. ಅಜ್ಜಿ ಮಧ್ಯಾಹ್ನದ ಹೊತ್ತು ಬಾಗಿಲಲ್ಲಿ ಕೂತು, ಬೀದಿಯಲ್ಲಿ ಯಾರಾದರೂ ಹಾರನ್ ಹೊಡೆದರೆ ಅವರ ಜನ್ಮ ಜಾಲಾಡುವರು. ಹಾರನ್ನಿಗಿಂತ ಅವರ ಬೈಗುಳವೇ ಜೋರಾಗುತ್ತಿತ್ತೆಂದು ನಾವು ಹೇಳಲಿಲ್ಲ. ನಾದಿನಿ ಪಾಠದ ಮುದ್ರಣ ಕೇಳುತ್ತಾ ಬಟ್ಟೆ ಮಡಚುತ್ತಿದ್ದಳು. ಒಂದು ದಿನ ನೆರೆಮನೆಯಾಕೆ ‘ನಿಮ್ಮ ಹುಡುಗಿಗೆ ಪರೀಕ್ಷೇಲಿ ರಿಯಾಯಿತಿಯಂತೆ’ ಎಂದಾಗ ಅಜ್ಜಿ, “ರಿಯಾಯಿತಿ ಹಣ್ಣಿಗೆ ಕೊಡ್ತಾರೆ ಕಣಮ್ಮ. ನಮ್ಮ ಹುಡುಗಿಗೆ ಕೊಟ್ಟಿರೋದು ಅವಳಿಗೆ ಸಲ್ಲಬೇಕಾದದ್ದು,” ಎಂದು ಬಾಗಿಲು ಹಾಕಿದರು.

ವಾರ್ಷಿಕ ಪರೀಕ್ಷೆಯ ಮೊದಲ ದಿನ ಮಾವ ಬೆಳಗಿನ ಹರಾಜನ್ನು ಬೇಗ ಮುಗಿಸಿ, ಅಂಗಿಗೆ ಅಂಟಿದ್ದ ಹುಲ್ಲನ್ನೂ ಕೊಡವದೆ ಕಾಲೇಜಿನ ಗೇಟಿಗೆ ಬಂದರು. ನಾನೂ ಅಂಗಡಿಯಲ್ಲಿ ಹೇಳಿ ಬಂದಿದ್ದೆ. ಗೇಟಿನ ಹೊರಗೆ ಎಷ್ಟೋ ಅಪ್ಪ ಅಮ್ಮಂದಿರು ನಿಂತಿದ್ದರು. ಗಂಟೆ ಹೊಡೆಯಿತು. ಹುಡುಗರು ಹುಡುಗಿಯರು ಗುಂಪಾಗಿ ಹೊರಬಂದರು, ಉತ್ತರ ಸರಿಯೋ ತಪ್ಪೋ ಎಂದು ಕೂಗಾಡುತ್ತಾ ಬೀದಿ ತುಂಬಿದರು. ಒಬ್ಬೊಬ್ಬರಾಗಿ ಚದುರಿದರು. ಗೇಟು ಖಾಲಿಯಾಯಿತು.

ನಾದಿನಿಯ ಸಹಪಾಠಿಯೊಬ್ಬನ ತಂದೆ ಸ್ಕೂಟರ್ ತಿರುಗಿಸುತ್ತಾ ಮಾವನನ್ನು ನೋಡಿ ನಿಲ್ಲಿಸಿದರು. “ಎಲ್ಲರೂ ಬಂದ್ರಲ್ಲ. ನಿಮ್ಮ ಮಗಳು ಇನ್ನೂ ಬಂದಿಲ್ವಾ? ಪಾಪ, ಕಷ್ಟ ಆಯ್ತೇನೋ.”

ನಾನು ಮಾವನ ಮುಖ ನೋಡಿದೆ. ಒಂದು ವರ್ಷದ ಹಿಂದಾಗಿದ್ದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ.

“ಪಾಪ ಯಾಕೆ?” ಎಂದರು ಮಾವ. “ಅವಳು ಇನ್ನೂ ಬರೀತಾ ಇದ್ದಾಳೆ.” ಇಷ್ಟು ದಿನ ಮನೆಯಲ್ಲಿ ಅದುಮಿಟ್ಟಿದ್ದ ದನಿಯೆಲ್ಲ ಒಟ್ಟಿಗೆ ಹೊರಬಂತು. ಬೀದಿಯ ಆಚೆ ಚಹಾ ಕುಡಿಯುತ್ತಿದ್ದವರೂ ತಿರುಗಿ ನೋಡಿದರು. “ಇನ್ನೂ ಬರೀತಾ ಇದ್ದಾಳೆ ನನ್ನ ಮಗಳು. ಬರೆಯೋದು ಬೇಕಾದಷ್ಟಿದೆ ಅವಳಿಗೆ.”

ಕಾವಲುಗಾರ ಗೇಟಿನ ಸಂದಿಯಿಂದ ಕೈ ಆಡಿಸಿದ. “ಯಜಮಾನರೇ, ಸ್ವಲ್ಪ ಮೆತ್ತಗೆ. ಒಳಗೆ ಇನ್ನೂ ಪರೀಕ್ಷೆ ನಡೀತಿದೆ.”

“ಗೊತ್ತು,” ಎಂದರು ಮಾವ ದನಿ ತಗ್ಗಿಸಿ. “ನನ್ನ ಮಗಳದ್ದೇ.”